ಮೇಜು ನಡುವೆ ಇರಲಿ

ಯಾವುದೇ ಕಟ್ಟಡ ಯಾರನ್ನ ಎಲ್ಲಿ ಕೂರಿಸುತ್ತೆ ಅಂತ ನೋಡಿ. ಅದನ್ನ ಕಟ್ಟಿಸಿದವರ ಮನಸ್ಸು ಗೊತ್ತಾಗುತ್ತೆ. ನಮ್ಮ ಜನಕ್ಕೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಹೊಸ್ತಿಲು, ಜಗಲಿ, ಅಂಗಳ, ಊರಾಚೆ... ನಾವು ಎಲ್ಲಿ ನಿಲ್ಲಬೇಕು ಅನ್ನೋದನ್ನ ಗೋಡೆಗಳೇ ಹೇಳ್ತಾ ಬಂದಿವೆ.

ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ ಅನ್ನೋ ಸಣ್ಣ ಊರಲ್ಲಿ ನಾರ್ತ್ ಕ್ರಿಶ್ಚಿಯನ್ ಚರ್ಚ್ ಅಂತ ಒಂದು ಪ್ರಾಟೆಸ್ಟೆಂಟ್ ಚರ್ಚ್ ಕಟ್ಟಡ ಇದೆ. ಪೂರ್ತಿಯಾಗಿದ್ದು 1964ರಲ್ಲಿ. ವಿನ್ಯಾಸ ಮಾಡಿದ ಈರೊ ಸಾರಿನೆನ್ ಅದನ್ನ ನೋಡದೆ 1961ರಲ್ಲೇ ತೀರಿಕೊಂಡರು. ಆರು ಮೂಲೆಯ ಕಟ್ಟಡ. ಇಳಿಜಾರು ಚಾವಣಿಯ ನೆತ್ತಿಯಿಂದ ಸೂಜಿಯಂಥ ಶಿಖರ, ತುದಿ 192 ಅಡಿ ಎತ್ತರದಲ್ಲಿ. ಫೋಟೋ ತೆಗೆಯೋರು ಆ ಶಿಖರವನ್ನೇ ತೆಗೀತಾರೆ. ನನಗೆ ಮುಖ್ಯ ಅನಿಸೋದು ಒಳಗಿನ ವ್ಯವಸ್ಥೆ. ಪ್ರಭು ಭೋಜನದ ಮೇಜು ನಟ್ಟನಡುವೆ, ಅದರ ಸುತ್ತ ಬೆಂಚುಗಳು. ಶಿಖರದ ಬುಡದ ಕಿಂಡಿಯಿಂದ ಬೆಳಕು ಒಳಗಿಳಿಯುತ್ತೆ. ಪ್ರಾರ್ಥನೆಗೆ ಕೂತವರಿಗೆ ಮುಂದಿನವರ ಬೆನ್ನಷ್ಟೇ ಅಲ್ಲ, ಎದುರು ಬದಿಯವರ ಮುಖವೂ ಕಾಣುತ್ತೆ.

ಹಾಗಂತ ದುಂಡಗೆ ಕೂತ ಮಾತ್ರಕ್ಕೆ ಸಮಾನತೆ ಬರಲ್ಲ. ಅಮೆರಿಕದಲ್ಲಿ ಕರಿಯರೂ ಬಿಳಿಯರೂ ಅತಿ ಹೆಚ್ಚು ಬೇರೆಬೇರೆಯಾಗಿರೋದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅಂತ ಮಾರ್ಟಿನ್ ಲೂಥರ್ ಕಿಂಗ್ ಹೇಳಿದ್ದು ಇದೇ ಕಾಲದಲ್ಲಿ. ಈ ಚರ್ಚ್ ಕಟ್ಟಿಸಿದವರಲ್ಲಿ ಪ್ರಮುಖರು ಕಮಿನ್ಸ್ ಎಂಜಿನ್ ಕಂಪನಿಯ ಇರ್ವಿನ್ ಮಿಲ್ಲರ್. ಅವರು ಮೇಜು ನಡುವೆ ಇಟ್ಟು ಸುಮ್ಮನಾಗಲಿಲ್ಲ. ಅಲ್ಲಿನ ಚರ್ಚುಗಳ ರಾಷ್ಟ್ರೀಯ ಮಂಡಳಿಯ ಅಧ್ಯಕ್ಷರಾಗಿ ಕರಿಯರ ನಾಗರಿಕ ಹಕ್ಕುಗಳ ಪರ ನಿಂತರು. ಆ ಮಂಡಳಿ 1963ರ ವಾಷಿಂಗ್ಟನ್ ನಡಿಗೆಯನ್ನೂ ಬೆಂಬಲಿಸಿತು.

ನಮ್ಮ ದೇಶದ ಚರ್ಚುಗಳ ಕಥೆಯೂ ಗೊತ್ತಿರೋದೇ. ಆರಾಧನೆಯಲ್ಲಿ ಜಾತಿಭೇದ ನಿಲ್ಲಿಸಿ ಅಂತ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲೇ ಆದೇಶ ಕೊಟ್ಟರು. ಎಷ್ಟೋ ಮೇಲ್ಜಾತಿ ಕ್ರೈಸ್ತರು ಆದೇಶವನ್ನ ಧಿಕ್ಕರಿಸಿದರೇ ಹೊರತು ಜಾತಿ ಬಿಡಲಿಲ್ಲ. ದೇವರು ಬದಲಾದರೂ ಕೂರೋ ಜಾಗ ಬದಲಾಗಲಿಲ್ಲ!

ಈಗ ನಮ್ಮ ವಿಷಯಕ್ಕೆ ಬರೋಣ. ಊರೂರಲ್ಲಿ ಅಂಬೇಡ್ಕರ್ ಭವನ ಕಟ್ತಿದ್ದೀವಿ, ಸಂತೋಷ. ಒಳಗೆ ಹೋದರೆ ಏನಿದೆ? ಎತ್ತರದ ವೇದಿಕೆ. ಕೆಳಗೆ ಮೊದಲ ಸಾಲಲ್ಲಿ ಗಣ್ಯರಿಗೆ ಸೋಫಾ. ಹಿಂದೆ ಪ್ಲಾಸ್ಟಿಕ್ ಕುರ್ಚಿ. ಅದರ ಹಿಂದೆ, ನಿಂತುಕೊಂಡೇ ಇರೋ ನಮ್ಮ ಅಕ್ಕತಂಗಿಯರು. ಇದು ಯಾರ ನಕ್ಷೆ?

"ಶತಮಾನಗಟ್ಟಲೆ ಕೆಳಗೆ ಕೂತಿದ್ದೀವಿ, ಈಗಲಾದ್ರೂ ವೇದಿಕೆ ಹತ್ತೋದು ಬೇಡ್ವಾ?" ಅಂತ ಕೆಲವರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಹತ್ತೋರು ಹತ್ತು ಜನ, ಕೆಳಗೇ ಉಳಿಯೋರು ಸಾವಿರ ಜನ. ಬಾಬಾಸಾಹೇಬರು ಕೇಳಿದ್ದು ಏಣಿಯಲ್ಲಿ ಒಂದು ಮೆಟ್ಟಿಲನ್ನಲ್ಲ, ಏಣಿಯೇ ಇಲ್ಲದ ಸಮಾಜವನ್ನ.

ಕೊಲಂಬಸ್ಸಿನ ಆ ಸಭೆ ಜನ ಕಮ್ಮಿಯಾಗಿ 2022ರಲ್ಲಿ ಮುಚ್ಚಿತು. ಕಟ್ಟಡ ಅಲ್ಲಿನ ಸಾರ್ವಜನಿಕ ಗ್ರಂಥಾಲಯದ ಕೈಗೆ ಹೋಯಿತು. ನಮ್ಮ ಭವನಗಳೂ ವರ್ಷಕ್ಕೆರಡು ಜಯಂತಿ, ನಾಲ್ಕು ಮದುವೆಗೆ ಬಾಗಿಲು ತೆಗೆದರೆ ಸಾಲದು. ದಿನಾ ತೆರೆದಿರೋ ಓದೋ ಕೋಣೆ ಬೇಕು.

ನಿಮ್ಮೂರಲ್ಲಿ ಹೊಸ ಭವನಕ್ಕೆ ಅನುದಾನ ಬಂದಿದ್ದರೆ, ಗುದ್ದಲಿ ಪೂಜೆಗೆ ಮುಂಚೆ ನಕ್ಷೆ ಕೇಳಿ ಪಡೀರಿ. ಮೇಜು ನಡುವೆ ಇರಲಿ, ಸುತ್ತ ನಾವಿರೋಣ.

ಜೈ ಭೀಮ್.