ಚಾವಣಿ ಸೌರಕ್ಕೆ ಸಹಾಯಧನ: ಉಳಿತಾಯ ಯಾರದು?

ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸುವವರಿಗೆ ಸರ್ಕಾರ ಎರಡು ಬಗೆಯಲ್ಲಿ ನೆರವಾಗಬಹುದು. ಹಾಕಿಸುವ ಖರ್ಚಿನ ಒಂದು ಪಾಲನ್ನು ತಾನೇ ಭರಿಸಬಹುದು. ಇಲ್ಲವೇ ಉತ್ಪಾದನೆಯಾದ ಪ್ರತಿ ಯೂನಿಟ್‌ಗೆ ಒಳ್ಳೆಯ ಬೆಲೆ ಕೊಡಿಸಬಹುದು. ಕರ್ನಾಟಕ ಹೆಚ್ಚು ನೆಚ್ಚಿಕೊಂಡದ್ದು ಎರಡನೆಯ ಬಗೆಯನ್ನು. ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ 2013ರ ಅಕ್ಟೋಬರ್‌ನಲ್ಲಿ ಚಾವಣಿ ಸೌರ ವಿದ್ಯುತ್ತಿಗೆ ಯೂನಿಟ್‌ಗೆ ₹9.56 ದರ ನಿಗದಿ ಮಾಡಿತು. ಸಹಾಯಧನ ಪಡೆದವರಿಗೆ ₹7.20. ಒಪ್ಪಂದದ ಅವಧಿ 25 ವರ್ಷ. ಪ್ಯಾನೆಲ್‌ಗಳ ಬೆಲೆ ಕುಸಿಯುತ್ತಿದ್ದ ಕಾಲದಲ್ಲಿ ಅದು ಬಹಳ ಉದಾರವಾದ ದರ. ಆದರೆ ಅದನ್ನು ಬಳಸಿಕೊಳ್ಳಲು ಮೊದಲು ಕೈಯಿಂದ ಲಕ್ಷಗಟ್ಟಲೆ ಹಣ ಹಾಕಬೇಕಿತ್ತು. ಹಾಗಾಗಿ ಬಂಡವಾಳವೂ ವಿಶಾಲವಾದ ಚಾವಣಿಯೂ ಇದ್ದವರಿಗೇ ಹೆಚ್ಚು ಅನುಕೂಲವಾಯಿತು. 2016ರ ಮೇ ತಿಂಗಳಲ್ಲಿ ಆಯೋಗ ದರವನ್ನು ಇಳಿಸಿತು. ಆ ಬಳಿಕ ಅದು ಇನ್ನಷ್ಟು ಇಳಿಯಿತು.

ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಪ್ರಕಟಿಸಿದ 'ಪಿಎಂ ಸೂರ್ಯ ಘರ್' ಯೋಜನೆ ಮೊದಲ ಬಗೆಯದು. ₹75,021 ಕೋಟಿ ವೆಚ್ಚದಲ್ಲಿ ಒಂದು ಕೋಟಿ ಮನೆಗಳನ್ನು ತಲುಪುವುದು ಇದರ ಗುರಿ. 2022ರೊಳಗೆ ಚಾವಣಿಗಳಿಂದಲೇ 40 ಗಿಗಾವಾಟ್ ಸಾಮರ್ಥ್ಯ ಪಡೆಯಬೇಕೆಂಬ ಹಿಂದಿನ ಗುರಿಯ ಸಮೀಪಕ್ಕೂ ದೇಶ ಬರಲಿಲ್ಲ. ಆ ಸೋಲಿನ ನೆನಪು ಹೊಸ ಯೋಜನೆಯ ಹಿಂದಿದೆ. ಮೊದಲ ಎರಡು ಕಿಲೊವಾಟ್‌ಗೆ ತಲಾ ₹30,000, ಮೂರನೆಯದಕ್ಕೆ ₹18,000 ಸಹಾಯಧನ ಸಿಗುತ್ತದೆ. ಮೂರು ಕಿಲೊವಾಟ್ ಅಥವಾ ಅದಕ್ಕಿಂತ ದೊಡ್ಡ ಘಟಕ ಹಾಕಿಸಿದರೂ ಮಿತಿ ₹78,000. ಘಟಕ ಚಾಲೂ ಆಗಿ ತಪಾಸಣೆ ಮುಗಿದ ಮೇಲಷ್ಟೇ ಹಣ ಬ್ಯಾಂಕ್ ಖಾತೆಗೆ ಬರುವುದರಿಂದ ಅಲ್ಲಿಯವರೆಗೆ ಪೂರ್ತಿ ಮೊತ್ತವನ್ನು ಮನೆಯವರೇ ಹೊಂದಿಸಬೇಕು. ಇದಕ್ಕಾಗಿ ಅಡಮಾನವಿಲ್ಲದ, ಕಡಿಮೆ ಬಡ್ಡಿಯ ಬ್ಯಾಂಕ್ ಸಾಲದ ವ್ಯವಸ್ಥೆಯಿದೆ. ಸಹಾಯಧನ ಬೇಕೆಂದರೆ ದೇಶದಲ್ಲೇ ತಯಾರಾದ ಸೌರಕೋಶಗಳ ಪ್ಯಾನೆಲ್‌ಗಳನ್ನೇ ಬಳಸಬೇಕು. ಅವುಗಳ ಬೆಲೆ ಆಮದು ಕೋಶಗಳ ಪ್ಯಾನೆಲ್‌ಗಳಿಗಿಂತ ಹೆಚ್ಚು. ಅಂದರೆ ಸಹಾಯಧನದ ಒಂದು ಪಾಲು ಮನೆಯವರ ಕೈ ಹಾಯ್ದು ದೇಶಿ ಕಾರ್ಖಾನೆಗೆ ಸೇರುತ್ತದೆ. ಅದು ತಪ್ಪೇನಲ್ಲ, ಆದರೆ ₹78,000 ಪೂರ್ತಿಯಾಗಿ ಮನೆಯವರಿಗೇ ಉಳಿಯುತ್ತದೆ ಎಂದು ಎಣಿಸುವಂತಿಲ್ಲ.

ಸುಮಾರು ನೂರು ಚದರ ಅಡಿ ಜಾಗ ಬೇಡುವ ಒಂದು ಕಿಲೊವಾಟ್ ಘಟಕ ವರ್ಷಕ್ಕೆ ಅಂದಾಜು 1,400 ಯೂನಿಟ್ ಕೊಡುತ್ತದೆ. ಮೂರು ಕಿಲೊವಾಟ್ ಘಟಕದಿಂದ 4,200 ಯೂನಿಟ್. ತಿಂಗಳಿಗೆ 350 ಯೂನಿಟ್ ಬಳಸುವ ಮನೆ ನೆಟ್ ಮೀಟರಿಂಗ್ (ಜಾಲಕ್ಕೆ ಕೊಟ್ಟ ವಿದ್ಯುತ್ತನ್ನು ಬಳಕೆಯಿಂದ ಕಳೆದು ಬಿಲ್ ಮಾಡುವ ವ್ಯವಸ್ಥೆ) ಅಡಿಯಲ್ಲಿ ಇದನ್ನು ಪೂರ್ತಿ ಬಳಸಿಕೊಂಡರೆ, ಯೂನಿಟ್‌ಗೆ ₹5.80ರ ದರದಲ್ಲಿ ವರ್ಷಕ್ಕೆ ₹24,360 ಉಳಿಯುತ್ತದೆ. ಅದರ ಮೇಲಿನ ವಿದ್ಯುತ್ ತೆರಿಗೆಯೂ ತಪ್ಪುತ್ತದೆ. ಘಟಕಕ್ಕೆ ₹1.8 ಲಕ್ಷ ತಗಲಿತೆಂದುಕೊಂಡರೂ ಸಹಾಯಧನ ಕಳೆದು ಉಳಿದ ಮೊತ್ತ ನಾಲ್ಕು ವರ್ಷದ ಆಸುಪಾಸಿನಲ್ಲಿ ಕೈಸೇರುತ್ತದೆ. ಪ್ಯಾನೆಲ್ ಬಾಳಿಕೆ ಬರುವುದು ಸುಮಾರು 25 ವರ್ಷ. ಮಧ್ಯಮ ವರ್ಗದ ಒಂದು ಮನೆಗೆ ಇಷ್ಟು ಭದ್ರವಾದ ಹೂಡಿಕೆ ಬೇರೆಡೆ ಸಿಗುವುದು ಕಷ್ಟ.

ಹೀಗಿದ್ದೂ ಚಾವಣಿ ಸೌರದಲ್ಲಿ ಗುಜರಾತ್, ಮಹಾರಾಷ್ಟ್ರ, ಕೇರಳಗಳು ಮುಂದಿವೆ. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಕಟ್ಟಿದ ಕರ್ನಾಟಕ ಮನೆಗಳ ಮಟ್ಟದಲ್ಲಿ ಹಿಂದುಳಿದಿದೆ. ಸೂರ್ಯನನ್ನು ನಂಬದ ಜನರೇನೂ ಇಲ್ಲಿಲ್ಲ. ಕರೆಂಟ್ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ ₹50 ರಿಯಾಯಿತಿಯ ಜೊತೆಗೆ ಕಡ್ಡಾಯದ ನಿಯಮವೂ ಸೇರಿ ಬೆಂಗಳೂರಿನ ತಾರಸಿಗಳ ತುಂಬ ಸೌರ ವಾಟರ್ ಹೀಟರ್‌ಗಳನ್ನು ತಂದವು. ವಿದ್ಯುತ್ ಪ್ಯಾನೆಲ್ ವಿಷಯದಲ್ಲಿ ಹಾಗಾಗದಿರಲು ಮುಖ್ಯ ಕಾರಣ ಬಿಲ್ಲಿನ ಲೆಕ್ಕದಲ್ಲೇ ಇದೆ.

2023ರ ಜುಲೈನಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆ, 2022–23ರ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಮಿತಿಯೊಳಗೆ ಉಚಿತ ವಿದ್ಯುತ್ ಕೊಡುತ್ತದೆ. ಬಡ ಮನೆಗಳಿಗೆ ಇದು ನಿಜವಾದ ಆಸರೆ. ಅದನ್ನು ಕಿತ್ತುಕೊಳ್ಳಬೇಕೆಂಬ ವಾದಕ್ಕೆ ಇಲ್ಲಿ ಜಾಗವಿಲ್ಲ. ಆದರೆ ತಿಂಗಳಿಗೆ 150 ಯೂನಿಟ್ ಬಳಸಿ ಶೂನ್ಯ ಬಿಲ್ ಪಡೆಯುವ ಮನೆಗೆ ಪ್ಯಾನೆಲ್‌ನಿಂದ ಉಳಿಯುವುದು ಏನೂ ಇಲ್ಲ. ಕೇಂದ್ರ ಎಷ್ಟೇ ಸಹಾಯಧನ ಕೊಟ್ಟರೂ ತಾವು ಹಾಕುವ ಹಣ ಎಂದಿಗೂ ಮರಳುವುದಿಲ್ಲ ಎಂಬುದು ಆ ಮನೆಯವರಿಗೆ ಚೆನ್ನಾಗಿ ಗೊತ್ತು. ರಾಜ್ಯದ ಬಹುಪಾಲು ಮನೆಗಳು ಈ ಗುಂಪಿಗೇ ಸೇರುತ್ತವೆ.

ಆ ಮನೆಯ ತಾರಸಿಯಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನ ಉಳಿತಾಯ ಸೇರುವುದು ಬಿಲ್ ಕಟ್ಟುವವರಿಗೆ. ಗೃಹಜ್ಯೋತಿ ಮನೆಯ ಬಿಲ್ ಕಟ್ಟುವುದು ರಾಜ್ಯ ಸರ್ಕಾರ, ಅದೂ ಒಟ್ಟಾರೆ ವರ್ಷಕ್ಕೆ ಸುಮಾರು ₹10,000 ಕೋಟಿ. ಹಾಗಾದರೆ ಇಲ್ಲಿ ಹೂಡಬೇಕಾದದ್ದೂ ಸರ್ಕಾರವೇ. ಒಂದು ಕಿಲೊವಾಟ್ ಘಟಕಕ್ಕೆ ₹60,000 ಖರ್ಚು, ಅದರಲ್ಲಿ ಕೇಂದ್ರದ ಪಾಲು ₹30,000 ಎಂದುಕೊಂಡರೆ ರಾಜ್ಯ ಭರಿಸಬೇಕಾದದ್ದು ಉಳಿದ ₹30,000. ಅದರ 1,400 ಯೂನಿಟ್‌ಗೆ ವರ್ಷಕ್ಕೆ ₹8,120ರಂತೆ ಸರ್ಕಾರ ಎಸ್ಕಾಂಗೆ (ವಿದ್ಯುತ್ ವಿತರಣಾ ಕಂಪನಿಗೆ) ಕಟ್ಟಿಕೊಡುವುದು ತಪ್ಪುತ್ತದೆ. ಇಲ್ಲೊಂದು ತಕರಾರಿದೆ: ಹಗಲಿನಲ್ಲಿ ಸೌರ ವಿದ್ಯುತ್ ರಾಜ್ಯದಲ್ಲಿ ಯಥೇಚ್ಛವಾಗಿದೆ, ಆ ಮನೆಗೆ ಸಂಜೆಯ ದುಬಾರಿ ವಿದ್ಯುತ್ತನ್ನು ಎಸ್ಕಾಂ ಕೊಡಲೇಬೇಕು. ತಕರಾರು ಸರಿಯಾದದ್ದೇ. ಅದಕ್ಕಾಗಿ ಉಳಿತಾಯವನ್ನು ಅರ್ಧಕ್ಕೆ ಇಳಿಸಿ ಲೆಕ್ಕ ಹಾಕಿದರೂ ಎಂಟು ವರ್ಷದೊಳಗೆ ಹಣ ಮರಳುತ್ತದೆ. ಮಿಕ್ಕ ಹದಿನೇಳು ವರ್ಷದ ಉತ್ಪಾದನೆ ಬೊಕ್ಕಸಕ್ಕೆ ಲಾಭ. ಪ್ರತಿವರ್ಷ ಖರ್ಚಾಗಿ ಹೋಗುವ ಹಣದ ಒಂದು ಪಾಲು ಹೀಗೆ ಆಸ್ತಿಯಾಗಬಲ್ಲದು.

ಇಂಥ ಯೋಚನೆ ಬೇರೆ ರಾಜ್ಯಗಳಲ್ಲಿ ಆಚರಣೆಗೆ ಬಂದಿದೆ. ರಾಜಸ್ಥಾನ ತನ್ನ ಉಚಿತ ವಿದ್ಯುತ್ ಯೋಜನೆಯನ್ನೇ ಚಾವಣಿ ಸೌರದ ಜೊತೆ ಜೋಡಿಸಿ, ಕೇಂದ್ರದ ಸಹಾಯಧನಕ್ಕೆ ತನ್ನ ಪಾಲು ಸೇರಿಸುತ್ತಿದೆ. ಉತ್ತರಪ್ರದೇಶ ಕಿಲೊವಾಟ್‌ಗೆ ₹15,000ದಂತೆ ₹30,000ವರೆಗೆ ಕೊಡುತ್ತದೆ. ದೆಹಲಿಯ ಸೌರ ನೀತಿ ಮೂರು ಕಿಲೊವಾಟ್‌ವರೆಗಿನ ಮನೆ ಘಟಕಗಳಿಗೆ ಉತ್ಪಾದನೆಯಾದ ಪ್ರತಿ ಯೂನಿಟ್‌ಗೆ ₹3ರಂತೆ ಐದು ವರ್ಷ ಪ್ರೋತ್ಸಾಹಧನ ನಿಗದಿ ಮಾಡಿತು.

ಬಿಲ್ ಕಟ್ಟುವ ಮನೆಗಳ ಉತ್ಸಾಹವೂ ಮೆಲ್ಲನೆ ಕರಗುತ್ತಿದೆ. 2023–24ರಲ್ಲಿ ನೂರು ಯೂನಿಟ್ ದಾಟಿದ ಮನೆಗೆ ಯೂನಿಟ್‌ಗೆ ₹7 ಇತ್ತು. 2024ರ ಏಪ್ರಿಲ್‌ನಿಂದ ಅದು ₹5.90, 2025ರ ಏಪ್ರಿಲ್‌ನಿಂದ ₹5.80. ದರ ಇಳಿದದ್ದು ಗ್ರಾಹಕರಿಗೆ ಸಂತೋಷವೇ, ಆದರೆ ಮೂರು ಕಿಲೊವಾಟ್ ಘಟಕದ ವಾರ್ಷಿಕ ಉಳಿತಾಯದಲ್ಲಿ ಇದರಿಂದ ₹5,000 ಕಡಿತವಾಯಿತು. ಇದೇ ಹೊತ್ತಿಗೆ, 2025ರಲ್ಲಿ, ನಿಗದಿತ ಶುಲ್ಕ ಕಿಲೊವಾಟ್‌ಗೆ ₹120ರಿಂದ ₹145ಕ್ಕೆ ಏರಿತು. ಮಂಜೂರಾದ ಲೋಡ್‌ಗೆ ತಕ್ಕಂತೆ ಬೀಳುವ ಈ ಶುಲ್ಕವನ್ನು ಯಾವ ಪ್ಯಾನೆಲ್ಲೂ ತಗ್ಗಿಸಲಾರದು. ತಂತಿ, ಟ್ರಾನ್ಸ್‌ಫಾರ್ಮರ್‌ಗಳ ಖರ್ಚು ಎಲ್ಲರಿಂದಲೂ ಬರಬೇಕೆಂಬುದು ನ್ಯಾಯವೇ. ಆದರೆ ಬಿಲ್ಲಿನ ಭಾರ ಯೂನಿಟ್ ದರದಿಂದ ನಿಗದಿತ ಶುಲ್ಕದ ಕಡೆಗೆ ಸರಿದಷ್ಟೂ ಕೇಂದ್ರದ ಸಹಾಯಧನದ ಬಲ ಕುಂದುತ್ತದೆ ಎಂಬುದನ್ನು ದರ ಪರಿಷ್ಕರಣೆಯ ವೇಳೆ ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಅಂಗಡಿ, ಹೋಟೆಲ್, ಕಾರ್ಖಾನೆಗಳಿಗೆ ಸೂರ್ಯ ಘರ್ ಸಹಾಯಧನ ಇಲ್ಲ. ಅವುಗಳಿಗಿರುವ ದೊಡ್ಡ ಅನುಕೂಲ ಆದಾಯ ತೆರಿಗೆಯಲ್ಲಿದೆ: ಸೌರ ಘಟಕಕ್ಕೆ ಶೇ 40ರ ದರದಲ್ಲಿ ಸವಕಳಿ ತೋರಿಸಬಹುದು. (2017ರ ಮಾರ್ಚ್‌ವರೆಗೆ ಶೇ 80 ಇತ್ತು.) ಒಂದು ಕೋಟಿ ರೂಪಾಯಿ ಹೂಡಿದ, ಸುಮಾರು ಶೇ 25ರ ದರದಲ್ಲಿ ತೆರಿಗೆ ಕಟ್ಟುವ ಕಂಪನಿಗೆ ಮೊದಲ ವರ್ಷವೇ ₹10 ಲಕ್ಷದಷ್ಟು ತೆರಿಗೆ ಉಳಿಯುತ್ತದೆ, ಘಟಕ ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಕೆಯಾಗಿದ್ದರೆ ಅದರ ಅರ್ಧ. ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗೆ, ನಷ್ಟದಲ್ಲಿರುವ ಸಣ್ಣ ಕೈಗಾರಿಕೆಗೆ ಇದರಿಂದ ಏನೂ ಸಿಗದು. ಪೀಣ್ಯದ ಚಿಕ್ಕ ವರ್ಕ್‌ಶಾಪಿನ ಶೀಟ್ ಚಾವಣಿಗೂ ಐಟಿ ಕಂಪನಿಯ ಕಟ್ಟಡಕ್ಕೂ ಬೀಳುವ ಬಿಸಿಲು ಒಂದೇ, ಸಿಗುವ ನೆರವು ಬೇರೆ. 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದದ್ದು ಮಾತ್ರ ಎಲ್ಲ ಖರೀದಿದಾರರಿಗೂ ಅನ್ವಯಿಸುತ್ತದೆ.

ಇದುವರೆಗಿನ ಲೆಕ್ಕವೆಲ್ಲ ಸ್ವಂತ ತಾರಸಿ ಇದ್ದವರದು. ವಸತಿ ಸಮುಚ್ಚಯಗಳಿಗೆ ಲಿಫ್ಟ್, ಪಂಪ್, ದೀಪದಂಥ ಸಾಮಾನ್ಯ ಬಳಕೆಗೆ ಕಿಲೊವಾಟ್‌ಗೆ ₹18,000ದಂತೆ 500 ಕಿಲೊವಾಟ್‌ವರೆಗೆ ಸಹಾಯಧನವಿದೆ. ಒಳಗಿನ ಒಂದೊಂದು ಫ್ಲ್ಯಾಟಿನ ಬಿಲ್ ಇದರಿಂದ ಇಳಿಯುವುದಿಲ್ಲ. ಬಾಡಿಗೆದಾರರ ಸ್ಥಿತಿ ಇನ್ನೂ ಕಷ್ಟ: ಪ್ಯಾನೆಲ್ ಹಾಕಿಸುವ ಹಕ್ಕು ಮಾಲೀಕರದು, ಬಿಲ್ ಕಟ್ಟುವ ಹೊಣೆ ಬಾಡಿಗೆದಾರರದು. ಒಂದೆಡೆ ಸ್ಥಾಪಿಸಿದ ಘಟಕದ ವಿದ್ಯುತ್ತನ್ನು ಹಲವರ ಬಿಲ್ಲಿಗೆ ಹಂಚುವ 'ವರ್ಚುವಲ್ ನೆಟ್ ಮೀಟರಿಂಗ್' ಇದಕ್ಕೆ ಪರಿಹಾರ. ದೆಹಲಿಯ ನಿಯಂತ್ರಣ ಆಯೋಗ 2019ರಲ್ಲೇ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಸರ್ಕಾರಿ ಶಾಲೆ, ಪಂಚಾಯಿತಿ ಕಟ್ಟಡ, ಎಪಿಎಂಸಿ ಗೋದಾಮುಗಳ ವಿಶಾಲ ಚಾವಣಿಗಳಲ್ಲಿ ಎಸ್ಕಾಂಗಳೇ ಘಟಕ ಹಾಕಿ ಸುತ್ತಲಿನ ಗೃಹಜ್ಯೋತಿ ಮನೆಗಳ ಹೆಸರಿಗೆ ಜಮಾ ಮಾಡಿದರೆ, ಹೆಂಚಿನ ಮನೆ, ಬಾಡಿಗೆ ಮನೆಗಳೂ ಈ ಲೆಕ್ಕದೊಳಗೆ ಬರುತ್ತವೆ. ಕೇಂದ್ರದ ಯೋಜನೆಯ ಅವಧಿ ಇರುವುದು 2026–27ರ ಆರ್ಥಿಕ ವರ್ಷದವರೆಗೆ ಮಾತ್ರ. ಅದರ ಹಣವನ್ನು ರಾಜ್ಯ ತನ್ನ ಹಣದೊಡನೆ ಜೋಡಿಸಬೇಕಾದದ್ದು ಅಷ್ಟರೊಳಗೆ.