ಕೇಬಲ್ಲೋ ಡಿಶ್ಶೋ: ಮನೆಯಿರುವ ಜಾಗ ನೋಡಿ ನಿರ್ಧರಿಸಿ

ಕೇಬಲ್ ಬಿಟ್ಟು ಡಿಶ್ ಹಾಕಿಸಿದರೆ ದುಡ್ಡು ಉಳಿಯುತ್ತದೆ ಎಂಬ ಲೆಕ್ಕ ಈಗ ಹಳೆಯದು. 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ನಿಯಮ ಜಾರಿಗೆ ಬಂದ ಮೇಲೆ ಪ್ರತಿ ಪೇ ಚಾನೆಲ್ಲಿಗೂ ಗರಿಷ್ಠ ಬೆಲೆ ಘೋಷಿಸಲೇಬೇಕು, ಅದು ಎರಡಕ್ಕೂ ಒಂದೇ. ಹಾಗಾಗಿ ಬೆಲೆಗಿಂತ ಮೊದಲು ದುರಸ್ತಿಯ ಬಗ್ಗೆ ಯೋಚಿಸಬೇಕು. ಪೇಟೆಯಲ್ಲಿ ತಂತಿ ತುಂಡಾದರೆ ಜೋಡಿಸಲು ಕೇಬಲ್‌ನವರು ಹತ್ತಿರದಲ್ಲೇ ಇರುತ್ತಾರೆ. ಅಲ್ಲಿ ಬದಲಾವಣೆಗೆ ಅವಸರ ಬೇಡ. ಮಲೆನಾಡಿನ ಒಂಟಿಮನೆಗೆ ಕಾಡಿನ ನಡುವೆ ತಂತಿ ಎಳೆಯುವುದೇ ಕಷ್ಟ, ಅಲ್ಲಿಗೆ ಡಿಶ್ಶೇ ಸರಿ.

ಮಳೆ ಬಂದರೆ ಡಿಶ್ ಕೈಕೊಡುತ್ತದಲ್ಲ ಎಂಬ ಆಕ್ಷೇಪ ನಿಜ. ಡಿಶ್ಶಿಗೆ ಉಪಗ್ರಹದಿಂದ ಬರುವ ಕೆಯು ಬ್ಯಾಂಡ್ ಸಂಕೇತವನ್ನು ಬಿರುಮಳೆ ದುರ್ಬಲಗೊಳಿಸುತ್ತದೆ. ಆದರೆ ಮಳೆಯ ರಭಸ ಇಳಿದೊಡನೆ ಚಿತ್ರ ಮರಳುತ್ತದೆ. ಕೊಂಬೆ ಬಿದ್ದು ಹರಿದ ತಂತಿ ತಾನಾಗಿ ಕೂಡಿಕೊಳ್ಳದು. ತಿಂಗಳ ಖರ್ಚೇ ಭಾರವೆನ್ನುವವರಿಗೆ ದೂರದರ್ಶನದ ಫ್ರೀ ಡಿಶ್ ಇದೆ. ಚಾನೆಲ್ ಕಡಿಮೆಯಾದರೂ ಮಾಸಿಕ ಶುಲ್ಕವಿಲ್ಲ.