ಹಳೇ ಉತಾರ, ಹಳೇ ಒರಾಕಲ್ ಸರ್ಟಿಫಿಕೇಟು

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯಿಂದ ಐಟಿಗೆ ಬಂದವರು ಫೋನು ಮಾಡಿದಾಗೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಚಿಕ್ಕವರು "ಅಣ್ಣಾ" ಅಂತ, ದೊಡ್ಡವರು "ತಮ್ಮಾ" ಅಂತ ಶುರುಮಾಡುತ್ತಾರೆ: "ನನ್ನ ಒರಾಕಲ್ ಸರ್ಟಿಫಿಕೇಟ್ ಹಳೇದಾತು, ಅಪ್‌ಗ್ರೇಡ್ ಮಾಡಿಸ್ಲೋ ಬ್ಯಾಡೋ?" ಒಬ್ಬೊಬ್ಬರಿಗೇ ಹೇಳಿ ಸಾಕಾಗಿ ಇಲ್ಲೇ ಬರೆಯುತ್ತಿದ್ದೇನೆ.

ನಮ್ಮೂರಿನ ಲೆಕ್ಕದಲ್ಲಿ ಇದು ಉತಾರ ಇದ್ದಹಾಗೆ. (ಬೆಂಗಳೂರು ಕಡೆಯವರೇ, ನೀವು ಪಹಣಿ ಅನ್ನೋದನ್ನೇ ನಾವು ಉತಾರ ಅಂತೀವಿ.) ಬೆಳೆಸಾಲಕ್ಕೆ ಹೋದರೆ ಬ್ಯಾಂಕಿನವರು ಹೊಸ ಉತಾರ ಕೇಳುತ್ತಾರೆ. ಯಾಕೆಂದರೆ ನಡುವೆ ಅಣ್ಣತಮ್ಮಂದಿರ ವಾಟ್ನಿ ಆಗಿರಬಹುದು, ಬೋಜಾ ಏರಿರಬಹುದು. ಹೊಲದ ಲೆಕ್ಕ ಬದಲಾಗಿದ್ದರೆ ಹಳೇ ಕಾಗದ ಸುಳ್ಳು ಹೇಳುತ್ತದೆ, ಅಷ್ಟೇ.

ಡೇಟಾಬೇಸಿಗೂ ಇದೇ ಪ್ರಶ್ನೆ ಕೇಳಿ... ಒಳಗೆ ಏನು ಬದಲಾಯಿತು? 2013ರಲ್ಲಿ 12ಸಿ ಬಂದಾಗ ನಿಜವಾಗಿಯೂ ಬದಲಾಯಿತು. ಒಂದು ದೊಡ್ಡ ಕಂಟೇನರ್, ಅದರೊಳಗೆ ಬೇರೆಬೇರೆ ಪ್ಲಗಬಲ್ ಡೇಟಾಬೇಸ್‌ಗಳು. 11ಜಿ ಮಾತ್ರ ಗೊತ್ತಿರುವವರು ಇಂಥ ಕಂಟೇನರಿನ ರೂಟಿಗೆ ಲಾಗಿನ್ ಆಗಿ, ಹಳೇ ಅಭ್ಯಾಸದಂತೆ ಒಂದು ಯೂಸರ್ ಮಾಡಲು ಹೋಗಲಿ, ಓಆರ್‌ಎ-65096 ಅಂತ ಮುಖಕ್ಕೆ ಹೊಡೆಯುತ್ತದೆ. ಇನ್ನು 21ಸಿಯಲ್ಲಂತೂ ಕಂಟೇನರ್ ಬಿಟ್ಟು ಬೇರೆ ದಾರಿಯೇ ಇಲ್ಲ. ಆದ್ದರಿಂದ 11ಜಿ ಮತ್ತು ಅದಕ್ಕೂ ಹಿಂದಿನವರು ಕಣ್ಣುಮುಚ್ಚಿ ಅಪ್‌ಗ್ರೇಡ್ ಮಾಡಿಕೊಳ್ಳಿ.

ಆದರೆ 12ಸಿಯ ಎರಡನೇ ರಿಲೀಸಿನಲ್ಲಿ ಕೈ ಪಳಗಿದವರು 19ಸಿ ಅಂತ ಗಾಬರಿ ಬೀಳುವುದು ನನಗೆ ಅರ್ಥವಾಗುವುದಿಲ್ಲ. 18ಸಿ ಅಂದರೆ ಹಳೇ ಲೆಕ್ಕದಲ್ಲಿ 12.2.0.2, 19ಸಿ ಅಂದರೆ 12.2.0.3. ಇದು ಒರಾಕಲ್‌ನವರೇ ಹೇಳಿದ ಮಾತು. ಹನ್ನೆರಡರಿಂದ ಹತ್ತೊಂಬತ್ತಕ್ಕೆ ಹಾರಿದ್ದು ಹೆಸರು ಮಾತ್ರ :)

ಗಾಬರಿಗೆ ಕಾರಣವೂ ಇದೆ ಅನ್ನಿ. 9ಐ ಮತ್ತು ಅದಕ್ಕೂ ಹಳೆಯ ಸರ್ಟಿಫಿಕೇಟಿನವರಿಗೆ 2015ರ ನವೆಂಬರ್, 10ಜಿಯವರಿಗೆ 2016ರ ಮಾರ್ಚ್ ಗಡುವು ಕೊಟ್ಟು, ಅಷ್ಟರೊಳಗೆ ಮೇಲಿನದನ್ನು ಪಾಸಾಗದಿದ್ದರೆ ನಿಮ್ಮದು ನಿಷ್ಕ್ರಿಯ ಅಂದಿದ್ದರು. ವರ್ಷಗಟ್ಟಲೆ ರಾತ್ರಿಪಾಳಿ ಮಾಡಿ ಬ್ಯಾಕಪ್ ಕಾದವರಿಗೆ ಈ ಮಾತು! ಮೈಕ್ರೋಸಾಫ್ಟಿನವರು 2021ರಿಂದ ಹಲವು ಸರ್ಟಿಫಿಕೇಟುಗಳಿಗೆ ವರ್ಷಕ್ಕೊಮ್ಮೆ ನವೀಕರಣ ಅಂದರೂ, ಅದನ್ನು ಆನ್‌ಲೈನಿನಲ್ಲಿ ಬಿಟ್ಟಿಯಾಗಿ ಮಾಡಿಕೊಳ್ಳಲು ಬಿಟ್ಟಿದ್ದಾರೆ. ಅದು ನ್ಯಾಯ.

ನನ್ನ ನಿಜವಾದ ಸಿಟ್ಟು ಇರುವುದು ದುಡ್ಡಿನ ಮೇಲೆ. ಕ್ಲೈಂಟಿಗೆ ತೋರಿಸಲು ಹೊಸ ಸರ್ಟಿಫಿಕೇಟ್ ಬೇಕಾಗಿರುವುದು ಕಂಪನಿಗೆ. ಫೀಸು ಕಟ್ಟುವವನು ಮಾತ್ರ ಊರಲ್ಲಿ ಮೆಕ್ಕೆಜೋಳ ಮಾರಿ ಓದಿಸಿದ ಅಪ್ಪನ ಮಗ. ಕೇಳ್ರಪ್ಪಾ, ಮ್ಯಾನೇಜರ್ ಹತ್ತಿರ ಬಾಯಿಬಿಟ್ಟು ಕೇಳಿ! ಕೊಡುವುದಿಲ್ಲ ಅಂದರೆ ಅಪ್‌ಗ್ರೇಡ್ ಅವರ ತಲೆನೋವು. ನನ್ನ 12ಸಿಯಿಂದ 19ಸಿ ಪರೀಕ್ಷೆಗೆ ಆಫೀಸಿನವರೇ ಕಟ್ಟಿದರು, ಕೇಳಿದ್ದಕ್ಕೆ. ಇಲ್ಲದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ.

ಕೈಯಿಂದಲೇ ಕಟ್ಟಿದವನಿಗೆ ಫೇಲಾಗುವ ಭಯ ಜಾಸ್ತಿ, ಆಗ ಡಂಪು ಹುಡುಕುತ್ತಾನೆ. ಡಂಪು ಬಾಯಿಪಾಠ ಮಾಡಿ ಪಾಸಾದವರನ್ನು ಇಂಟರ್ವ್ಯೂನಲ್ಲಿ ನೋಡಿದ್ದೇನೆ, ಕಮಾಂಡ್ ಗೊತ್ತು, ಯಾವಾಗ ಕೊಡಬೇಕು ಗೊತ್ತಿಲ್ಲ. ಅದರ ಬದಲು ಪ್ರತಿ ಆವೃತ್ತಿಯ ಜೊತೆ ಒರಾಕಲ್ ಬಿಟ್ಟಿ ಕೊಡುವ 'ನ್ಯೂ ಫೀಚರ್ಸ್' ಪುಸ್ತಕ ಓದಿ, ಉಚಿತ ಆವೃತ್ತಿಯನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ನಾಲ್ಕು ಸಲ ಕೆಡಿಸಿ ಕಟ್ಟಿ. ಆಮೇಲೆ ಕಂಪನಿ ದುಡ್ಡಲ್ಲಿ ಪರೀಕ್ಷೆ.

ಈಗ ಪರೀಕ್ಷೆಯನ್ನು ಮನೆಯಿಂದಲೇ ಬರೆಯಬಹುದು, ಆದರೆ ಕ್ಯಾಮೆರಾ ನೋಡುತ್ತಲೇ ಇರುತ್ತದೆ, ಕೋಣೆಗೆ ಇನ್ನೊಬ್ಬರು ಬರುವಂತಿಲ್ಲ. ಹಿರೇಕೆರೂರಿನ ಮನೆಯಲ್ಲಿ ಬರೆಯುವವರು ಅಜ್ಜಿಗೆ ಮೊದಲೇ ಹೇಳಿಟ್ಟಿರಿ, ನಡುವೆ ಚಹಾ ತರಬೇಡ ಅಂತ.